ಡಿಸ್ಚಾರ್ಜ್ ಆದ ಮೇಲೆ ಶುರುವಾಗುವ ಕೆಲಸ

ನಾನು ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ನರ್ಸ್, ನಾನು, ಹೀಗೆ ಚಿಕ್ಕ ತಂಡ ನಮ್ಮದು. ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಇರುತ್ತದೆ. ಉಳಿದ ದಿನ ಶಾಲೆ, ಕಾಲೇಜು, ಹಾಸ್ಟೆಲ್, ಊರೂರು ತಿರುಗಾಟ. ಈ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿದ ಪ್ರಯೋಗವನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಇದನ್ನು ಶುರು ಮಾಡಿತು. ಇದನ್ನು ಹೇಳುವಾಗ ನನಗೆ ಹೆಮ್ಮೆ ಅನಿಸುತ್ತದೆ.

ಈ ಕೆಲಸದಲ್ಲಿ ನಮಗೆ ಅವಸರದ ಕರೆ ಬರುವುದು ಹೆಚ್ಚಾಗಿ ಹದಿನೈದರಿಂದ ಇಪ್ಪತ್ತೈದರೊಳಗಿನ ಮಕ್ಕಳ ವಿಷಯಕ್ಕೆ. ಜೀವ ಕಳೆದುಕೊಳ್ಳಲು ಹೋಗಿ ಬದುಕಿ ವಾರ್ಡ್‌ನಲ್ಲಿ ಮಲಗಿರುತ್ತಾರೆ. ಇಲ್ಲವೇ ಹಾಸ್ಟೆಲ್‌ನಲ್ಲಿ ಅನ್ನ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ ಎಂದು ವಾರ್ಡನ್ ಫೋನ್ ಮಾಡುತ್ತಾರೆ. ಹೊಸದಾಗಿ ಸೇರಿದವರು ಆ ಕರೆ ಬಂದ ಗಂಟೆಯನ್ನೇ ದೊಡ್ಡ ಅಪಾಯ ಅಂದುಕೊಳ್ಳುತ್ತಾರೆ. ವಾರ್ಡ್‌ನಲ್ಲಿ ಡಾಕ್ಟರ್ ಇದ್ದಾರೆ, ನರ್ಸ್ ಇದ್ದಾರೆ, ಪಕ್ಕದಲ್ಲಿ ಅವ್ವ ಕೂತಿದ್ದಾಳೆ. ಅಪಾಯ ಜಾಸ್ತಿ ಇರುವುದು ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೊದಲ ಕೆಲವು ವಾರಗಳಲ್ಲಿ. ಆಗ ಮನೆಯವರಿಗೆ ಎಲ್ಲಾ ಮುಗಿಯಿತು ಅನಿಸಿರುತ್ತದೆ. ಹುಡುಗನಿಗೆ ಏನೂ ಮುಗಿದಿರುವುದಿಲ್ಲ. ಅದೇ ಮನೆ, ಅದೇ ಸಾಲ, ಅದೇ ಫೇಲಾದ ಸಬ್ಜೆಕ್ಟ್. ಮೇಲೆ ಈಗ ಊರೆಲ್ಲಾ ಗೊತ್ತಾಗಿದೆ.

ಆದರೆ ಮನೆಯವರ ಹತ್ತಿರ ಮೊದಲು ಮಾತಾಡಬೇಕಾಗುವುದು ಪೊಲೀಸ್ ಕೇಸಿನ ಬಗ್ಗೆ. ಆ ಭಯ ಇಳಿಯುವ ತನಕ ನಮ್ಮ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ಹೋಗುವ ವರದಿ ಬರೆಯುತ್ತಾರೆ, ಪೊಲೀಸರು ಬಂದು ಹೇಳಿಕೆ ಪಡೆಯುತ್ತಾರೆ. "ಹುಡುಗಿ ಲೈಫ್ ಹಾಳಾಕ್ಕೈತ್ರೀ ಮೇಡಂ, ನಾಳೆ ಮದುವಿ ಹೆಂಗ್ರೀ?" ಎಂದು ಅಪ್ಪ ಕೇಳುತ್ತಾನೆ. ಈ ಹೆದರಿಕೆಗೇ ಎಷ್ಟೋ ಜನ "ಗೊತ್ತಿಲ್ಲದ ತಗೊಂಡಾಳ್ರೀ" ಎಂದು ಬರೆಸಿ, ಎರಡನೇ ದಿನವೇ ಕರೆದುಕೊಂಡು ಹೋಗುತ್ತಾರೆ. ಹಾಗೆ ಹೋದ ಮಕ್ಕಳು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ ನಾನು ಮೊದಲು ಕಾನೂನು ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಶಿಕ್ಷೆ ಕೊಡುವ ಹಾಗಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಜವಾಬ್ದಾರಿ. ಇದನ್ನು ಅಪ್ಪ ಅವ್ವ ಇಬ್ಬರನ್ನೂ ಕೂರಿಸಿಕೊಂಡು, ಅವಸರ ಮಾಡದೆ ಹೇಳಬೇಕು. ಹೇಳಿ ಮುಗಿಸುವಷ್ಟರಲ್ಲಿ ಅವರ ಭುಜ ಇಳಿಯುವುದು ಕಾಣುತ್ತದೆ. ಆಮೇಲೆ ಮಾತು ಮಗಳ ಕಡೆ ತಿರುಗುತ್ತದೆ.

ಮಕ್ಕಳ ಹತ್ತಿರ ಮಾತಾಡುವಾಗ ನೇರವಾಗಿ ಕೇಳಬೇಕು. ನಮ್ಮ ಕಡೆ ಯಾವ ಹುಡುಗನೂ ತಾನಾಗಿ "ಸಾಯಬೇಕು ಅನಿಸುತ್ತಿದೆ" ಅನ್ನುವುದಿಲ್ಲ. "ಬ್ಯಾಸರ ಆಗೇತ್ರೀ", "ಏನೂ ಬ್ಯಾಡ ಅನಸ್ತೈತಿ" ಅನ್ನುತ್ತಾನೆ. ಹುಡುಗಿಯರು ತಲೆನೋವು, ಹೊಟ್ಟೆನೋವು ಎಂದು ಬರುತ್ತಾರೆ. ಆಗ "ಸಾಯೋ ಯೋಚನೆ ಬರ್ತಿದೆಯಾ?" ಎಂದು ಅದೇ ಶಬ್ದ ಬಳಸಿ ಕೇಳುತ್ತೇನೆ. ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ಮೇಷ್ಟ್ರುಗಳು ಹೆದರುತ್ತಾರೆ. ಹಾಗೆ ಆಗುವುದಿಲ್ಲ, ಇದನ್ನು ಸಾಕಷ್ಟು ಅಧ್ಯಯನ ಮಾಡಿ ನೋಡಿದ್ದಾರೆ. ಕೇಳಿದಾಗ ಹೆಚ್ಚಿನ ಮಕ್ಕಳು ಅಳುತ್ತಾರೆ, ಆಮೇಲೆ ಹೇಳುತ್ತಾರೆ. ಎಷ್ಟು ದಿನದಿಂದ, ಹೇಗೆ ಅಂತ ಯೋಚಿಸಿದ್ದಾನಾ, ಬೇಕಾದ ವಸ್ತು ಕೈಗೆ ಸಿಗುವ ಹಾಗಿದೆಯಾ, ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದನಾ. ಇವನ್ನೆಲ್ಲಾ ಕೇಳಿದರೆ ಇವತ್ತು ರಾತ್ರಿ ಅವನನ್ನು ಒಬ್ಬನೇ ಬಿಡಬಹುದಾ ಇಲ್ಲವಾ ಅನ್ನುವುದು ಗೊತ್ತಾಗುತ್ತದೆ. ಆ ನಿರ್ಧಾರವನ್ನು ನಾನೊಬ್ಬಳೇ ತೆಗೆದುಕೊಳ್ಳುವುದಿಲ್ಲ. ಡಾಕ್ಟರ್‌ಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾ" ಎಂದು ಕೇಳಿಕೊಳ್ಳುತ್ತಾರೆ. ಆ ಮಾತು ಮಾತ್ರ ಕೊಡಬಾರದು. ಜೀವಕ್ಕೆ ಅಪಾಯ ಇದ್ದರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ. ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮಾತು ಶುರುವಾಗುವ ಮೊದಲೇ ಹೇಳಿಬಿಡಬೇಕು. ಆದರೆ ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಹೇಳುವಾಗ ತಾನು ಪಕ್ಕದಲ್ಲಿ ಇರಬೇಕಾ ಅನ್ನುವುದನ್ನು ಮಗುವಿನ ಹತ್ತಿರವೇ ಕೇಳಬಹುದು. ಹುಡುಗಿಯ ಪ್ರೀತಿಯ ವಿಷಯ, ಮೊಬೈಲ್‌ನಲ್ಲಿರುವ ಫೋಟೋ, ಇವನ್ನೆಲ್ಲಾ ಅಪ್ಪನಿಗೆ ಹೇಳುವ ಅಗತ್ಯ ಎಷ್ಟೋ ಸಲ ಇರುವುದೇ ಇಲ್ಲ. "ಅವಳಿಗೆ ತುಂಬಾ ಕಷ್ಟ ಆಗಿದೆ, ಒಂದಷ್ಟು ದಿನ ಒಬ್ಬಳನ್ನೇ ಬಿಡಬೇಡಿ" ಎಂದರೆ ಸಾಕಾಗುತ್ತದೆ.

ಡಿಸ್ಚಾರ್ಜ್‌ಗೆ ಮುಂಚೆ ಒಂದು ಹಾಳೆ ಬರೆಸುತ್ತೇವೆ. ಸೇಫ್ಟಿ ಪ್ಲಾನ್ ಅನ್ನುತ್ತೇವೆ. ಅದನ್ನು ನಾನು ಬರೆದುಕೊಡುವುದಿಲ್ಲ, ಮಗುವೇ ಬರೆಯಬೇಕು, ತನ್ನ ಮಾತಿನಲ್ಲೇ. ಮನಸ್ಸು ಕೆಡುತ್ತಿದೆ ಎಂದು ತನಗೆ ಹೇಗೆ ಗೊತ್ತಾಗುತ್ತದೆ ಅನ್ನುವುದು ಮೊದಲು. ಮೊಬೈಲ್ ಗೇಮ್‌ನಲ್ಲಿ ಅಪ್ಪನ ಮೆಕ್ಕೆಜೋಳದ ದುಡ್ಡು ಕಳೆದಿದ್ದ ಒಬ್ಬ ಹುಡುಗ "ನಿದ್ದಿ ಬರಲ್ಲ, ಫೋನ್ ಆಫ್ ಮಾಡ್ತೀನಿ, ಮಾತು ಬಿಡ್ತೀನಿ" ಎಂದು ಬರೆದ. ಆಮೇಲೆ, ಆಗ ಒಬ್ಬನೇ ಏನು ಮಾಡಬಹುದು? "ಎತ್ತಿನ ಮೈ ತೊಳಿತೀನಿ." ಯಾರ ಜೊತೆ ಹೋಗಿ ಸುಮ್ನೆ ಕೂರಬಹುದು? ಯಾರಿಗೆ ಬಾಯಿಬಿಟ್ಟು ಹೇಳಬಹುದು? ಇಲ್ಲಿ ಅವನು ಅಪ್ಪನ ಹೆಸರು ಬರೆಯಲಿಲ್ಲ, ಸೋದರಮಾವನದು ಬರೆದ. ಅಪ್ಪನಿಗೆ ಬೇಸರ ಆಗದ ಹಾಗೆ ಅದನ್ನು ಹೇಳಿ, ಮಾವನನ್ನು ಆಸ್ಪತ್ರೆಗೇ ಕರೆಸಿ ಮಾತಾಡಿಸಿದೆವು. ಕೊನೆಗೆ ನಮ್ಮ ನಂಬರ್, ಸಹಾಯವಾಣಿ ನಂಬರ್. ಹಾಳೆಯ ಒಂದು ಫೋಟೋ ಅವನ ಮೊಬೈಲ್‌ನಲ್ಲಿ, ಒಂದು ಮಾವನ ಮೊಬೈಲ್‌ನಲ್ಲಿ.

ಅದೇ ಹಾಳೆಯಲ್ಲಿ ಮನೆಯ ವಿಷಯವೂ ಇರುತ್ತದೆ. ನನ್ನ ಅನುಭವದಲ್ಲಿ ಇದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಅಲಕ್ಷ್ಯ ಆಗುವುದೂ ಇದೇ. ರೈತರ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದೇ ಇರುತ್ತದೆ. ಅದು ಮನೆಯಿಂದ ಹೊರಗೆ, ಬೀಗದೊಳಗೆ, ಬೇರೆಯವರ ಕೈಯಲ್ಲಿ ಕೀಲಿ ಇರುವ ಹಾಗೆ ಹೋಗಬೇಕು. ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳೂ ಅಷ್ಟೇ. "ಸಾಯಬೇಕು ಅನ್ನೋರು ಹೆಂಗಾರ ಸಾಯ್ತಾರ್ರೀ, ಬೀಗ ಹಾಕಿ ಏನ್ಮಾಡೋದು?" ಎಂದು ಎಷ್ಟೋ ಜನ ಕೇಳುತ್ತಾರೆ. ಇದಕ್ಕೆ ಶ್ರೀಲಂಕಾದಲ್ಲಿ ಉತ್ತರ ಇದೆ. ಅಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದರು. 1995ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಆ ಜನರೆಲ್ಲಾ ಬೇರೆ ದಾರಿ ಹುಡುಕಿಕೊಂಡು ಹೋಗಲಿಲ್ಲ. ಹರೆಯದವರಲ್ಲಿ ಆ ತೀವ್ರತೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಮಗು ಬೆಳಗು ನೋಡುತ್ತದೆ.

ಆಮೇಲೆ ಫಾಲೋ ಅಪ್. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿತು, ಅದರಲ್ಲಿ ನಮ್ಮ ಚೆನ್ನೈ ಕೂಡ ಇತ್ತು. ಪ್ರಯತ್ನ ಮಾಡಿ ಬದುಕಿದ 1,867 ಜನರಲ್ಲಿ ಅರ್ಧದಷ್ಟು ಜನರ ಜೊತೆ ಆಸ್ಪತ್ರೆಯಲ್ಲಿ ಸುಮಾರು ಒಂದು ಗಂಟೆ ಕೂತು ಮಾತಾಡಿದರು, ನಂತರದ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿ ಅಥವಾ ಮನೆಗೆ ಹೋಗಿ ವಿಚಾರಿಸಿದರು. 2008ರಲ್ಲಿ ಫಲಿತಾಂಶ ಬಂತು. ವಿಚಾರಿಸಿದವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 0.2, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 2.2. ಅವರು ಮಾಡಿದ್ದು ಹೆಚ್ಚೇನಲ್ಲ, ಬಿಡದೆ ವಿಚಾರಿಸಿದರು. ನಮ್ಮ ತಾಲೂಕಿನಲ್ಲಿ ಇದನ್ನು ಮಾಡಲು ದೊಡ್ಡ ಕಟ್ಟಡ ಬೇಕಿಲ್ಲ, ಬೇಕಿರುವುದು ಜನ. ನಾವು ನಾಲ್ಕು ಮಂದಿಗೆ ಇಡೀ ಜಿಲ್ಲೆ ಸಾಗುವುದಿಲ್ಲ. ಅದಕ್ಕೆ ಮಗುವಿನ ಒಪ್ಪಿಗೆ ಪಡೆದು ಆಶಾ ಕಾರ್ಯಕರ್ತೆಗೋ, ಹಾಸ್ಟೆಲ್ ವಾರ್ಡನ್‌ಗೋ, ಹುಡುಗ ಇಷ್ಟಪಡುವ ಪಿಟಿ ಮೇಷ್ಟ್ರಿಗೋ ಒಂದು ಭಾಗ ಒಪ್ಪಿಸುತ್ತೇವೆ. ಅವರಿಗೆ ನಾನು ಹೇಳುವುದು ಇಷ್ಟೇ: ಬುದ್ಧಿ ಹೇಳಬೇಡಿ, "ಊಟ ಆಯ್ತಾ, ರಾತ್ರಿ ನಿದ್ದಿ ಬಂತಾ" ಎಂದು ಕೇಳಿ. ಮನೆಯವರಿಗೂ ಅದನ್ನೇ ಹೇಳುತ್ತೇನೆ. "ನಮ್ಮ ಮಾನ ಕಳದಿ" ಅನ್ನುವ ಮಾತು ಮೊದಲ ತಿಂಗಳಲ್ಲಿ ಯಾರ ಬಾಯಿಂದಲೂ ಬರಬಾರದು. ನೋಡಲು ಬರುವ ನೆಂಟರನ್ನು ಬಾಗಿಲಲ್ಲೇ ತಡೆದು ಹೇಳುವ ಒಬ್ಬ ದೊಡ್ಡವರು ಮನೆಯಲ್ಲಿರಬೇಕು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಹೊತ್ತಿಗೆ ನಮಗೆ ಕೆಲಸ ಜಾಸ್ತಿ. ಈಗ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ. ಫಲಿತಾಂಶದ ಹಿಂದಿನ ದಿನವೇ ಇದನ್ನು ತರಗತಿಯಲ್ಲಿ ಹೇಳಿ ಎಂದು ಮೇಷ್ಟ್ರುಗಳನ್ನು ಕೇಳಿಕೊಳ್ಳುತ್ತೇವೆ. ಫೇಲಾಗಬಹುದು ಎಂದು ಅನುಮಾನ ಇರುವ ಮಕ್ಕಳ ಮನೆಗೆ ಅವತ್ತು ಯಾರಾದರೂ ಫೋನ್ ಮಾಡಲಿ.

ನಿಮ್ಮ ಶಾಲೆಯಲ್ಲಿ, ಆಫೀಸಿನಲ್ಲಿ, ಓಣಿಯಲ್ಲಿ ಇಂಥ ಮಗು ಕಂಡರೆ ಟೆಲಿ ಮಾನಸ್‌ಗೆ ಕರೆ ಮಾಡಿ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಇದು. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಪರವಾಗಿ ನೀವೂ ಮಾಡಬಹುದು. ಆಗಲೇ ಏನಾದರೂ ಮಾಡಿಕೊಂಡಿದ್ದರೆ ಮೊದಲು 108ಕ್ಕೆ ಮಾಡಿ, ಗಾಡಿ ಬರುವ ತನಕ ಪಕ್ಕದಲ್ಲೇ ಇರಿ. ಆಸ್ಪತ್ರೆಯಿಂದ ಹೊರಡುವ ಮುಂಚೆ ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದವರನ್ನು ಭೇಟಿ ಮಾಡಿಸಿ ಎಂದು ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಸಿಗುತ್ತಾರೆ.