ರಿಡ್ಜ್ ಕೂರಿಸುವ ಮೊದಲು ಗಾಳಿ ಯಾವ ಕಡೆಯದ್ದು ನೋಡಿ

ಜೂನ್ ತಿಂಗಳಲ್ಲಿ ಉಳ್ಳಾಲದಿಂದ ಮಲ್ಪೆಯವರೆಗೆ ಮಳೆ ನೇರವಾಗಿ ಬೀಳುವುದು ಕಡಿಮೆ. ಕಡಲ ಕಡೆಯ ಗಾಳಿ ಮಾಡಿನ ಇಳಿಜಾರಿನ ಮೇಲೆ ನೀರನ್ನು ಹಿಮ್ಮುಖವಾಗಿ ಹತ್ತಿಸಿಬಿಡುತ್ತದೆ. ಶೀಟಿನ ತಗ್ಗುಗಳೇ ಆ ನೀರಿಗೆ ಕಾಲುವೆ. ಕೊನೆಗೆ ಅದು ರಿಡ್ಜ್ ತಗಡಿನ, ಅಂದರೆ ಎರಡು ಇಳಿಜಾರು ಸೇರುವ ನೆತ್ತಿಯನ್ನು ಮುಚ್ಚುವ ತಗಡಿನ, ಅಡಿಗೆ ನುಗ್ಗಿ ಒಳಗೆ ಸುರಿಯುತ್ತದೆ. ರಿಡ್ಜ್ ಸೋರುತ್ತದೆ ಎಂದು ಮೇಲೆ ಹತ್ತಿ ಟಾರು, ಸಿಮೆಂಟು, ಸಿಲಿಕೋನ್ ಮೆತ್ತಿದವರಿಗೆ ಮರುವರ್ಷವೂ ಅದೇ ಕೆಲಸ ಉಳಿಯುವುದು ಇದಕ್ಕೇ.

ರಿಡ್ಜನ್ನು ಪೂರ್ತಿ ಮುಚ್ಚಬೇಕೋ, ಗಾಳಿಯಾಡಲು ಬಿಡಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ. ತಾರಸಿಯ ಮೇಲೆ ಬಟ್ಟೆ, ಅಡಿಕೆ ಒಣಗಿಸಲು ಹಾಕಿದ ಶೀಟಿಗೆ ನಾಲ್ಕೂ ಬದಿ ತೆರೆದಿರುತ್ತದೆ. ಅಲ್ಲಿ ವೆಂಟ್ ಇರುವ ರಿಡ್ಜ್ ದಂಡ; ಪೂರ್ತಿ ಮುಚ್ಚಿ. ಗೋಡೆ ಎಬ್ಬಿಸಿ ಕೋಣೆ ಮಾಡಿದ್ದರೆ, ಅಡಿಗೆ ಸೀಲಿಂಗ್ ಹೊಡೆದಿದ್ದರೆ ಬಿಸಿಗಾಳಿಗೆ ನೆತ್ತಿಯಲ್ಲಿ ದಾರಿ ಬೇಕು. ಆದರೆ ಮೇಲೆ ದಾರಿ ಕೊಟ್ಟು ಕೆಳಗೆ ಸೂರಂಚಿನಲ್ಲಿ ಗಾಳಿ ಒಳಬರಲು ಬಿಡದಿದ್ದರೆ ಪ್ರಯೋಜನ ತೀರಾ ಕಡಿಮೆ.

ಎಷ್ಟು ದಾರಿ ಬೇಕು? ಅಮೆರಿಕದ ಮನೆ ನಿರ್ಮಾಣ ಸಂಹಿತೆಯಲ್ಲಿ ನೆಲದ ವಿಸ್ತೀರ್ಣದ 1/300 ಭಾಗ ಎಂಬ ಲೆಕ್ಕವಿದೆ, ಹೆಚ್ಚುಕಮ್ಮಿ ಅರ್ಧ ಮೇಲೆ, ಅರ್ಧ ಕೆಳಗೆ. 10 ಮೀಟರ್ ಉದ್ದ, 9 ಮೀಟರ್ ಅಗಲದ ಮಾಡಿಗೆ 90 ಚದರ ಮೀಟರ್, ಅಂದರೆ 0.3 ಚದರ ಮೀಟರ್ ಕಿಂಡಿ. ಅದರಲ್ಲಿ ರಿಡ್ಜಿನ ಪಾಲು 0.15. ರಿಡ್ಜಿನ ಎರಡೂ ಬದಿ ಸೇರಿ 20 ಮೀಟರ್ ಆಗುವುದರಿಂದ 7.5 ಮಿ.ಮೀ. ಬಿರುಕು ಸಾಕು. ಕಿಂಡಿಗೆ ಹಾಕುವ ಜಾಲರಿ ಅರ್ಧ ಜಾಗ ತಿನ್ನುತ್ತದೆ ಎಂದು ಹಿಡಿದರೆ 15 ಮಿ.ಮೀ. ಕೈ ತೂರುವಷ್ಟು ತೆರೆದು ಬಿಡುವ ಅಗತ್ಯವೇ ಇಲ್ಲ. ನಮ್ಮ ಕರಾವಳಿಯಲ್ಲಿ ಬರೀ ಜಾಲರಿ ಸಾಲದು. ಕಿಂಡಿಯ ಎದುರಿಗೆ, ಕನಿಷ್ಠ ಪಡುಬದಿಯಲ್ಲಾದರೂ, ಗಾಳಿಯನ್ನು ಒಡೆಯುವ ಮಡಿಕೆ ತಗಡಿನಲ್ಲೇ ಇರಬೇಕು. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಬೇಡ, ಅಡುಗೆಮನೆಯ ಹೊಗೆ ಮತ್ತು ಧೂಳಿಗೆ ಬೇಗ ಕಟ್ಟಿಕೊಳ್ಳುತ್ತದೆ.

ಇನ್ನು ಕೂರಿಸುವ ಕೆಲಸ. ಎರಡು ಕಡೆಯ ಶೀಟುಗಳ ನಡುವೆ ನೆತ್ತಿಯಲ್ಲಿ 40–50 ಮಿ.ಮೀ. ಸಂದು ಬಿಡಿ. ಪ್ರತಿ ತಗ್ಗಿನ ತುದಿಯನ್ನು ಅಗಲ ಬಾಯಿಯ ಇಕ್ಕಳದಲ್ಲಿ ಹಿಡಿದು ಮೇಲಕ್ಕೆ ಮಡಚಿ, ಗೋಡೆಯ ಹಾಗೆ ನಿಲ್ಲಬೇಕು. ಒಂದು ತಗ್ಗಿಗೆ ಅರ್ಧ ನಿಮಿಷದ ಕೆಲಸ. ಹತ್ತಿ ಬಂದ ನೀರು ಅಲ್ಲಿಗೆ ಬಡಿದು ವಾಪಸು ಹೋಗುತ್ತದೆ. ಕೆಲಸದವರು ಹೆಚ್ಚಾಗಿ ಬಿಡುವುದು ಇದನ್ನೇ. ರಿಡ್ಜ್ ಕೂತ ಮೇಲೆ ಕಾಣುವುದಿಲ್ಲವಲ್ಲ! ಆದ್ದರಿಂದ ಮುಚ್ಚುವ ಮೊದಲು ನೀವೇ ಏಣಿ ಹತ್ತಿ ನೋಡಿ, ಇಲ್ಲವೇ ಫೋಟೊ ಕೇಳಿ.

ಆಮೇಲೆ ಶೀಟಿನ ಉಬ್ಬು ತಗ್ಗಿಗೆ ತಕ್ಕ ಫೋಮ್ ಪಟ್ಟಿ. ಮುಚ್ಚುವ ರಿಡ್ಜಿಗೆ ಗಟ್ಟಿ ಫೋಮ್, ಗಾಳಿಯಾಡುವುದಕ್ಕೆ ತೂತುಗಳಿರುವುದು. ಬೇರೆ ಕಂಪನಿಯ ಶೀಟಿನ ಫೋಮ್ ಹಾಕಿದರೆ ಉಬ್ಬಿನ ಪಕ್ಕದಲ್ಲಿ ಬೆರಳಗಲ ಸಂದು ಉಳಿಯುತ್ತದೆ, ಹಾಗಾಗಿ ಶೀಟಿನ ತುಂಡನ್ನೇ ಅಂಗಡಿಗೆ ಒಯ್ಯಿರಿ.

ರಿಡ್ಜ್ ತಗಡು ಪ್ರತಿ ಬದಿ ಶೀಟಿನ ಮೇಲೆ ಕನಿಷ್ಠ 150 ಮಿ.ಮೀ. ಬರಬೇಕು. ಹಾಗಾಗಿ ಒಟ್ಟು 450 ಮಿ.ಮೀ. ಅಗಲದ್ದು ತಗೊಳ್ಳಿ. ಕಡಿಮೆ ಬೆಲೆಗೆ ಸಿಗುವ 300ರದ್ದು ಇಲ್ಲಿಯ ಮಳೆಗೆ ಆಗದು. 10 ಮೀಟರ್ ರಿಡ್ಜಿಗೆ 10 ಅಡಿಯ ನಾಲ್ಕು ತುಂಡು ಬೇಕು. ಮೂರರಲ್ಲಿ 150 ಮಿ.ಮೀ. ಜೋಡಣೆ ಕಳೆದರೆ 8.85 ಮೀಟರೇ ಆಗುವುದು. ಗಾಳಿ ಪಡುವಣದಿಂದ ಬರುವುದಾದ್ದರಿಂದ, ರಿಡ್ಜ್ ಮೂಡು-ಪಡುವಾಗಿ ಇದ್ದರೆ ಮೂಡಣ ತುದಿಯಿಂದ ಶುರು ಮಾಡಿ ಪಡುವಣಕ್ಕೆ ಹೋಗಿ. ಆಗ ಮೇಲಿನ ತುಂಡಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ. ಉಲ್ಟಾ ಹಾಕಿದರೆ ಪ್ರತಿ ಜೋಡಣೆಯೂ ಗಾಳಿಗೆ ತೆರೆದ ಬಾಯಿ.

ಪ್ರತಿ ಜೋಡಣೆಯ ಒಳಗೆ ಎರಡು ಗೆರೆ ಸಿಲಿಕೋನ್ ಎಳೆದು ಮೇಲಿನ ತುಂಡು ಒತ್ತಿ, 40–50 ಮಿ.ಮೀ.ಗೊಂದರಂತೆ ರಿವೆಟ್ ಹೊಡೆಯಿರಿ. ಜೋಡಣೆಗೆ ಸುಮಾರು 10, ಮೂರು ಜೋಡಣೆಗೆ 30. ಟ್ಯೂಬ್ ಒಂದೇ ಸಾಕು. ತೆರೆದಾಗ ವಿನೆಗರ್ ವಾಸನೆ ಬಂದರೆ ಆ ಟ್ಯೂಬ್ ಬದಿಗಿಡಿ, ಅದರಿಂದ ಹೊರಡುವ ಆಮ್ಲ ಸತುವಿನ ಲೇಪನವನ್ನು ತಿನ್ನುತ್ತದೆ. ‘ನ್ಯೂಟ್ರಲ್’ ಎಂದು ಬರೆದದ್ದೇ ಬೇಕು.

ಸ್ಕ್ರೂ ಉಬ್ಬಿನ ಮೇಲೆ, ಒಂದು ಬಿಟ್ಟು ಒಂದು ಉಬ್ಬಿಗೆ. ಉಬ್ಬುಗಳ ಅಂತರ 250 ಮಿ.ಮೀ. ಇದ್ದರೆ ಎರಡೂ ಬದಿ ಸೇರಿ 42 ಆಗುತ್ತದೆ, 50 ತನ್ನಿ. ರಬ್ಬರ್ ವಾಷರ್ ಲೋಹದ ಬಿಲ್ಲೆಯ ಅಂಚಿನಲ್ಲಿ ಇಷ್ಟೇ ಇಷ್ಟು ಇಣುಕಿದರೆ ಬಿಗಿ ಸರಿ. ಹೂವಿನಂತೆ ಹೊರಗೆ ಅರಳಿದರೆ ಅತಿ ಬಿಗಿ. ಬಿಸಿಲಿಗೆ ಒಡೆದು ಎರಡು ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ತಗಡು ಕತ್ತರಿಸಲು ಗ್ರೈಂಡರ್ ಬೇಡ. ಅದರ ಕಿಡಿ ಬಿದ್ದಲ್ಲೆಲ್ಲ ಲೇಪನ ಸುಟ್ಟು, ಉಪ್ಪುಗಾಳಿಗೆ ಕೆಂಪು ಚುಕ್ಕೆ ಏಳುತ್ತದೆ. ಕೈಕತ್ತರಿ ನಿಧಾನವಾದರೂ ಅದೇ ಸರಿ. ಸಂಜೆ ಇಳಿಯುವ ಮೊದಲು ಡ್ರಿಲ್ ಮಾಡಿದ ಚೂರುಗಳನ್ನೂ ಗುಡಿಸಿ.

ಹಂಚಿನ ಮಾಡಿನ ಕಥೆ ಬೇರೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಸೀಮೆಯಿದು, ನೆತ್ತಿಯ ಹಂಚನ್ನು ಗಾರೆಯಲ್ಲಿ ಕೂರಿಸುವ ಪದ್ಧತಿ ಇಲ್ಲಿ ಗಟ್ಟಿ. ಪಕ್ಕಾಸು ಮಳೆಗೆ ಉಬ್ಬಿ ಬೇಸಗೆಗೆ ಕುಗ್ಗುವಾಗ ಗಾರೆ ಬಿರುಕು ಬಿಡುತ್ತದೆ. ಅದರ ಬದಲು ನೇರ ಮಡಚಿದ ತಗಡು ಹಾಕಿದರೆ ಹಂಚಿನ ತಗ್ಗುಗಳಲ್ಲಿ ಸಂದು. ಆ ಸಂದಿಗೆ ಸಿಮೆಂಟ್ ತುಂಬಿದರೆ ಅದರ ಕ್ಷಾರ ಅಲ್ಯೂಮಿನಿಯಂ, ಸತು ಎರಡನ್ನೂ ಕೊರೆಯುತ್ತದೆ. ಇಲ್ಲಿ ಸರಿಹೋಗುವುದು ನೆರಿಗೆಯಿರುವ ಅಲ್ಯೂಮಿನಿಯಂ ರೋಲ್. ಅಂಚಿನಲ್ಲಿ ಬ್ಯೂಟೈಲ್ ಅಂಟು, ನಡುವೆ ಗಾಳಿಯಾಡುವ ಪಟ್ಟಿ. ನೆತ್ತಿಯ ರೀಪಿಗೆ ಮಧ್ಯದಲ್ಲಿ ಸ್ಟೇಪಲ್ ಹೊಡೆದು, ಅಂಟಿನ ಹಾಳೆ ಕಿತ್ತು, ಬೆರಳಿನಿಂದ ಹಂಚಿನ ತಗ್ಗಿಗೆ ಮೊದಲು, ಉಬ್ಬಿಗೆ ಆಮೇಲೆ ಒತ್ತುತ್ತಾ ಬನ್ನಿ. ಪಾಚಿ, ಕೆಂಪು ಧೂಳು ಇದ್ದರೆ ಅಂಟು ಹಂಚಿಗೆ ಹಿಡಿಯುವುದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿ, ಎರಡು ದಿನ ಬಿಸಿಲಿಗೆ ಬಿಟ್ಟ ಮೇಲೆಯೇ ಅಂಟಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಸಿ. ಮೇ ಕೊನೆಯಲ್ಲಿ ಗುಡುಗಿದಾಗ ಹತ್ತಬೇಡಿ.

ಎಲ್ಲ ಮುಗಿದ ಮೇಲೂ ತೊಟ್ಟಿಕ್ಕಿದರೆ ಪೈಪ್ ಹಿಡಿದು ಸೂರಂಚಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ನೀರು ಬಿಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲಾ ಕಡೆಯೂ ಒದ್ದೆಯಾಗಿ ಏನೂ ಗೊತ್ತಾಗದು. ಮಳೆಯೇ ಇಲ್ಲದ ಜನವರಿಯ ಮುಂಜಾನೆ ಶೀಟಿನ ಅಡಿಯಲ್ಲಿ ಹನಿ ಸಾಲುಗಟ್ಟಿದ್ದರೆ ರಿಡ್ಜ್ ಬಿಚ್ಚಬೇಡಿ. ಅದು ತಣ್ಣಗಾದ ತಗಡಿಗೆ ಒಳಗಿನ ತೇವ ಕಟ್ಟಿದ್ದು. ಸೂರಂಚಿನ ಕಿಂಡಿಗಳನ್ನು ಯಾರಾದರೂ ಮುಚ್ಚಿದ್ದಾರೋ ನೋಡಿ.