ಗೇಜ್ ಮುಳ್ಳು ಮೇಲೇರಿದ್ದರೆ ಇಂಪೆಲ್ಲರ್ ಬಿಚ್ಚಬೇಡಿ

ಬಾಗಲಕೋಟೆ ಜಿಲ್ಲೆಯ ಏತ ನೀರಾವರಿಯಲ್ಲಿ ಕೆಲಸ ಮಾಡುವ ನಮಗೆ ಈ ದೂರು ಹಳೆಯದು. ಪಂಪ್ ಅದೇ, ಮೋಟಾರ್ ಅದೇ, ಕೃಷ್ಣೆಯ ಹಿನ್ನೀರಿನ ಮಟ್ಟವೂ ಅಷ್ಟೇ. ಆದರೆ ಮೇಲಿನ ತೊಟ್ಟಿಗೆ ಬೀಳುವ ನೀರು ವರ್ಷದಿಂದ ವರ್ಷಕ್ಕೆ ಕಡಿಮೆ. "ಸಾಹೇಬರೇ, ಇಂಪೆಲ್ಲರ್ ಸವೆದಿದೆ, ಬದಲಿಸಿಬಿಡಿ" ಎನ್ನುವುದು ಪಂಪ್‌ಹೌಸಿನ ಸಿದ್ಧ ಉತ್ತರ. ಮಳೆಗಾಲದ ಕೆಸರು ನೀರಿಗೆ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರ, ಸವೆಯುವುದು ನಿಜವೇ. ಆದರೆ ಅದು ಸವೆದಿದ್ದರೆ ನೀರಿನ ಜೊತೆಗೆ ಡೆಲಿವರಿ ಗೇಜಿನ (ಪಂಪಿನಿಂದ ನೀರು ಹೊರಡುವ ಕಡೆಯ ಒತ್ತಡಮಾಪಕದ) ಒತ್ತಡವೂ ಇಳಿಯಬೇಕು. ನೀರು ಇಳಿದು ಒತ್ತಡ ಏರಿದ್ದರೆ ಅಡ್ಡಿ ಇರುವುದು ಕೊಳವೆಯಲ್ಲಿ.

ಹರಿವು ಎಷ್ಟೇ ಸುಳಿಸುಳಿಯಾಗಿದ್ದರೂ ಕೊಳವೆಯ ಗೋಡೆಗೆ ಅಂಟಿದ ನೀರು ನಿಂತೇ ಇರುತ್ತದೆ. ಅದರ ಪಕ್ಕದಲ್ಲೇ ಸ್ನಿಗ್ಧತೆಯ (ನೀರಿನ ಅಂಟುತನದ) ಹಿಡಿತದಲ್ಲಿರುವ ತೆಳು ಪದರವೊಂದಿದೆ. 1 ಮೀಟರ್ ವ್ಯಾಸದ ಕೊಳವೆಯಲ್ಲಿ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಆ ಪದರದ ದಪ್ಪ 0.1 ಮಿಲಿಮೀಟರಿಗೂ ಕಡಿಮೆ. ಹೊಸ ಉಕ್ಕಿನ ಒರಟುತನವನ್ನು ಸಾಮಾನ್ಯವಾಗಿ 0.045 ಮಿಲಿಮೀಟರ್ ಎಂದು ಹಿಡಿಯುತ್ತೇವೆ. ಅದು ಪದರದೊಳಗೆ ಮುಚ್ಚಿಹೋಗುತ್ತದೆ, ನೀರಿನ ಪಾಲಿಗೆ ಗೋಡೆ ನುಣುಪು. ತುಕ್ಕಿನ ಗಂಟುಗಳು ಎದ್ದು ಒರಟುತನ 1 ಮಿಲಿಮೀಟರ್ ಆಯಿತೆನ್ನಿ. ಆಗ ಪ್ರತಿ ಗಂಟಿನ ಹಿಂದೆಯೂ ಸುಳಿ ಏಳುತ್ತದೆ, ಪಂಪ್ ಕೊಟ್ಟ ಶಕ್ತಿ ಅಲ್ಲಿ ಕರಗುತ್ತದೆ. ನೀರನ್ನು ಎತ್ತಬಹುದಾದ ಎತ್ತರದ ಲೆಕ್ಕದಲ್ಲಿ, ಅದೇ ವೇಗಕ್ಕೆ ಕಿಲೋಮೀಟರಿಗೆ ಸುಮಾರು 1.4 ಮೀಟರ್ ಇದ್ದ ನಷ್ಟ 2.3 ಮೀಟರ್ ಆಗುತ್ತದೆ. ಗಂಟುಗಳಿಂದ ವ್ಯಾಸ ಕುಗ್ಗಿದ್ದರ ಲೆಕ್ಕ ಬೇರೆಯೇ ಇದೆ.

ಈ 1 ಮಿಲಿಮೀಟರನ್ನು ಅಳತೆಪಟ್ಟಿ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಜರ್ಮನಿಯಲ್ಲಿ ನಿಕುರಾಡ್ಸೆ ಎಂಬ ಎಂಜಿನಿಯರ್ ಕೊಳವೆಗಳ ಒಳಗೆ ಜರಡಿ ಹಿಡಿದ ಮರಳು ಅಂಟಿಸಿ ನಷ್ಟ ಅಳೆದು 1933ರಲ್ಲಿ ಪ್ರಕಟಿಸಿದರು. ನಮ್ಮ ತುಕ್ಕು ಕೊಳವೆಯಷ್ಟೇ ನಷ್ಟ ಕೊಡುವ ಮರಳಿನ ಕಾಳಿನ ಗಾತ್ರವೇ ಈ ಅಂಕಿ. ಗಂಟುಗಳ ಎತ್ತರದಷ್ಟೇ ಅವುಗಳ ಆಕಾರ ಮತ್ತು ನಡುವಿನ ಅಂತರವೂ ಇದರಲ್ಲಿ ಸೇರಿದೆ. ಕೈಯಾಡಿಸಿ ನುಣುಪು ನೋಡುವುದು ಇಳಕಲ್ ಸೀರೆಗೆ ಸರಿ. ಕೊಳವೆಗೆ ಹರಿವು ಮತ್ತು ಒತ್ತಡ ಎರಡನ್ನೂ ಅಳೆಯಬೇಕು. ಹೀಗಾಗಿ ಪಂಪಿನ ಬಳಿ ಒಂದು, ಮುಂದಿನ ಏರ್‌ವಾಲ್ವ್ (ಕೊಳವೆಯ ಗಾಳಿ ಬಿಡುವ ಕವಾಟ) ಬಳಿ ಒಂದು ಗೇಜ್ ಹಾಕಿಸುತ್ತೇನೆ. ಎರಡರ ವ್ಯತ್ಯಾಸವನ್ನು ನೀರಿನ ಎತ್ತರಕ್ಕೆ ತಂದು, ಅದರಲ್ಲಿ ಗೇಜುಗಳ ನಡುವಿನ ನೆಲದ ಏರನ್ನು ಕಳೆದರೆ ಉಳಿಯುವುದು ಘರ್ಷಣೆಯ ನಷ್ಟ.

ಇಷ್ಟೆಲ್ಲ ಅಳೆದು ತೋರಿಸಿದ ಮೇಲೂ ರೈತರು ಕೇಳುವುದು ಒಂದೇ: "ಸ್ಪೇರ್ ಪಂಪನ್ನೂ ಜೊತೆಗೇ ಚಾಲೂ ಮಾಡಿ." ಅವರ ಕಬ್ಬು ಒಣಗುತ್ತಿರುವಾಗ ಆ ಅವಸರ ತಪ್ಪಲ್ಲ. ಆದರೆ ಒರಟು ಕೊಳವೆಯಲ್ಲಿ ಹರಿವು ಎರಡು ಪಟ್ಟಾಗಬೇಕಾದರೆ ಘರ್ಷಣೆಯ ನಷ್ಟ ನಾಲ್ಕು ಪಟ್ಟಾಗುತ್ತದೆ. ಎರಡನೆಯ ಪಂಪಿನಿಂದ ನೀರು ಸ್ವಲ್ಪ ಹೆಚ್ಚೀತು, ವಿದ್ಯುತ್ ಬಿಲ್ಲು ಅದಕ್ಕಿಂತ ಹೆಚ್ಚೀತು. ಆ ಹಣವನ್ನು ಕೊಳವೆ ಕೆರೆದು ಒಳಗೆ ಎಪಾಕ್ಸಿ ಎಂಬ ಗಟ್ಟಿ ರಾಳದ ಲೇಪ ಬಳಿಸಲು ಕೊಡಿ ಎಂದು ನಾನು ಟಿಪ್ಪಣಿ ಬರೆಯುತ್ತೇನೆ. ಅದಕ್ಕೆ ಪಂಪ್ ನಿಲ್ಲಿಸಬೇಕು, ಹಾಗಾಗಿ ಕಡತ ಬೇಸಿಗೆಗೆ ಮುಂಚೆಯೇ ಮಂಜೂರಾಗಿರಬೇಕು.