ಬಜೆಟ್ ಊಟ

ವಿಜಯಪುರದ ಖಾನಾವಳಿಯಲ್ಲಿ ಅಂದು ಊಟಕ್ಕೆ ಕುಳಿತಿದ್ದೆ. ಟಿವಿಯಲ್ಲಿ ನಿರ್ಮಲಾ ಸೀತಾರಾಮನ್ ಅವರ 2025ರ ಬಜೆಟ್.

12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದಾಗ ಯಾರೂ ತಲೆ ಎತ್ತಲಿಲ್ಲ. ನಮ್ಮ ಸಾಲಿನಲ್ಲಿ ಅಷ್ಟು ದುಡಿಯುವವರಾದರೂ ಯಾರಿದ್ದರು!

ಬಂಡವಾಳ ವೆಚ್ಚ 11.21 ಲಕ್ಷ ಕೋಟಿ. ಸೊನ್ನೆ ಎಣಿಸುವಷ್ಟರಲ್ಲಿ ನನ್ನ ಸಾರು ಆರಿತು.

ಕಿಸಾನ್ ಕ್ರೆಡಿಟ್ ಕಾರ್ಡಿನ ಬಡ್ಡಿ ರಿಯಾಯಿತಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಎಂದಾಗ ಮಾತ್ರ ಎದುರಿಗಿದ್ದ ದ್ರಾಕ್ಷಿ ಬೆಳೆಗಾರ ಕಾಕಾ ಕಡಕ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಬೆರಳ ತುದಿಯಲ್ಲಿ ಶೇಂಗಾ ಹಿಂಡಿ ಹಾಗೆಯೇ ಅಂಟಿತ್ತು.

“ಎರಡು ಲಕ್ಷ ಹೆಚ್ಚಾಯಿತಲ್ಲ ಕಾಕಾ?” ಎಂದೆ.

“ಹೆಚ್ಚಾದದ್ದು ಸಾಲವಲ್ಲವೇ ತಮ್ಮಾ. ಒಣದ್ರಾಕ್ಷಿಯ ದರ ಏನಾದರೂ ಹೇಳಿದರೇ?”

ನಾನು ಟಿವಿ ನೋಡಿದೆ. ಅಷ್ಟರಲ್ಲಿ ಜಾಹೀರಾತು ಬಂದಿತ್ತು. ಕಾಕಾ ಹಿಂಡಿಗೆ ಇನ್ನಷ್ಟು ಮೊಸರು ಹಾಕಿಸಿಕೊಂಡರು.